ನೂರಕ್ಕೆ ನೂರು ದುಡಿದ ಪ್ರೊಸೆಸರ್

ಸುಗುಣಾ ಕಡಿಮೆ ಖರ್ಚಿನಲ್ಲಿ ಗೇಮ್ ಆಡುವ ಕಂಪ್ಯೂಟರೊಂದನ್ನು ಜೋಡಿಸಿದ್ದಳು. ಅದರಲ್ಲಿ ಲೆಕ್ಕ ಮಾಡುವ ಪ್ರೊಸೆಸರ್ ಹಳೆಯದು, ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಹೊಸದು. ಆಟ ಮಾತ್ರ ಹೆಜ್ಜೆ ಹೆಜ್ಜೆಗೂ ತಡವರಿಸುತ್ತಿತ್ತು. ಎರಡರಲ್ಲಿ ಒಂದನ್ನು ಇಂದು ತೆಗೆದುಹಾಕುವೆನೆಂದು ಅವಳು ಹೇಳಿದಳು.

“ಪರದೆಯ ಮೇಲಿನ ಅಂಕಿ ನೋಡಮ್ಮ,” ಎಂದಿತು ಪ್ರೊಸೆಸರ್. “ನಾನು ನೂರಕ್ಕೆ ನೂರು ದುಡಿಯುತ್ತಿದ್ದೇನೆ. ಈ ಮಹಾರಾಣಿ ನಲವತ್ತು ದಾಟುವುದಿಲ್ಲ.”

“ಅಣ್ಣಾ, ನೀನು ಲೆಕ್ಕ ಮುಗಿಸಿ ಕೊಟ್ಟ ಮೇಲಲ್ಲವೇ ನಾನು ಚಿತ್ರ ಬಿಡಿಸುವುದು?” ಎಂದಿತು ಕಾರ್ಡ್.

“ಬರೀ ನೆಪ! ಇವಳ ಕೆಲಸವನ್ನು ಅರ್ಧಕ್ಕೆ ಇಳಿಸಿ ನೋಡಮ್ಮ, ಇವಳ ಯೋಗ್ಯತೆ ನಿನಗೇ ತಿಳಿಯುತ್ತದೆ.”

ಸುಗುಣಾ ಚಿತ್ರಗಳ ಗುಣಮಟ್ಟವನ್ನು ಅರ್ಧಕ್ಕೆ ಇಳಿಸಿದಳು. ಕಾರ್ಡಿನ ಅಂಕಿ ಇಪ್ಪತ್ತಕ್ಕೆ ಬಂತು. ಆಟ ಮೊದಲಿನಷ್ಟೇ ತಡವರಿಸಿತು.

“ಕಂಡೆಯಾ? ಇಷ್ಟು ಹಗುರ ಮಾಡಿದರೂ ಇವಳಿಂದ ಆಗಲಿಲ್ಲ!” ಎಂದು ಪ್ರೊಸೆಸರ್ ಹಿಗ್ಗಿತು.

“ಕಂಡೆ. ಅವಳ ಹೊರೆ ಇಳಿಸಿದರೂ ವೇಗ ಹೆಚ್ಚಲಿಲ್ಲ ಎಂದರೆ ತಡೆ ಅವಳಲ್ಲಿಲ್ಲ. ಅವಳು ಕಾಯುತ್ತಿರುವುದು ನಿನಗಾಗಿ,” ಎಂದು ಸುಗುಣಾ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು.

ಪ್ರೊಸೆಸರ್ ಬೆಚ್ಚಿತು. “ಮೈ ಕಾಯುವಷ್ಟು ದುಡಿಯುವವನನ್ನೇ ಕಳಿಸುತ್ತೀಯಾ?”

“ನೀನು ದುಡಿಯುವುದಿಲ್ಲವೆಂದು ನಾನು ಹೇಳಲಿಲ್ಲ. ಈ ಆಟ ನಿನಗೆ ಭಾರವೆಂದು ಮೊದಲೇ ಒಪ್ಪಿಕೊಂಡಿದ್ದರೆ ಚಿಕ್ಕ ಆಟ ಆಡಿಕೊಂಡು ನಿನ್ನನ್ನೇ ಇಟ್ಟುಕೊಳ್ಳುತ್ತಿದ್ದೆ,” ಎಂದು ಅವಳು ಸ್ವಿಚ್ ಆರಿಸಿದಳು.