ಗೋಡೆಗೇರಿದ ಸೈಕಲ್ಲು

ಗುಜರಿಯಲ್ಲಿ ಸಿಕ್ಕ ಹಳೆಯ ಉಕ್ಕಿನ ರೇಸ್ ಸೈಕಲ್ಲಿನ ತುಕ್ಕು ತಿಕ್ಕಿ, ಬಣ್ಣ ಬಳಿದು ಹೊಳಪಿಸಿದ ಮಾಚಯ್ಯನವರು, ಗೀರು ಬಿದ್ದೀತೆಂದು ಅದನ್ನು ಒಮ್ಮೆಯೂ ತುಳಿಯದೆ ನಡುಮನೆಯ ಗೋಡೆಗೆ ತೂಗುಹಾಕಿದರು.

ಕಿಟಕಿಯಾಚೆ ಬಂದು ನಿಂತ ಹಾಲಿನ ಬೋರಣ್ಣನ ಸೈಕಲ್ಲನ್ನು ಕಂಡು ಗೋಡೆಯ ಸೈಕಲ್ಲಿಗೆ ಮರುಕ ಹುಟ್ಟಿತು. "ಮೈಯೆಲ್ಲ ಕೆಸರು! ನಿನ್ನನ್ನು ಒರೆಸುವವರೇ ಇಲ್ಲವೇನಣ್ಣ?"

"ಪುರುಸೊತ್ತೆಲ್ಲಿ ತಮ್ಮಾ? ಇನ್ನೂ ಕೆರೆಯಾಚೆ ಹಾಲು ಮುಟ್ಟಿಸಬೇಕು."

ಹೊರಡುವಷ್ಟರಲ್ಲೇ ಅದರ ಚೈನು ಕಳಚಿತು. ಬೋರಣ್ಣ ಬಯ್ಯುತ್ತಲೇ ಕುಕ್ಕರುಗಾಲಿನಲ್ಲಿ ಕೂತು, ಕೈ ಕಪ್ಪು ಮಾಡಿಕೊಂಡು ಚೈನು ಏರಿಸಿ, ಸೀಟು ತಟ್ಟಿ, "ನಡಿಯಪ್ಪಾ" ಅಂದ. ಅದರ ಗಡಗಡ ಸದ್ದು ತಿರುವಿನಲ್ಲಿ ಕರಗಿತು.

ಫ್ಯಾನಿನ ಗಾಳಿಗೆ ಗೋಡೆಯ ಸೈಕಲ್ಲಿನ ಮುಂದಿನ ಚಕ್ರ ಮೆಲ್ಲಗೆ ತಿರುಗಿತು.

"ಹೊರಟೆವಾ, ಯಜಮಾನರೇ?" ಎಂದಿತು ಅದು.

ಮಾಚಯ್ಯನವರು ಬಂದು ಚಕ್ರವನ್ನು ಹಿಡಿದು ನಿಲ್ಲಿಸಿದರು. ಆಮೇಲೆ ಬಟ್ಟೆ ತಂದು, ಅದರ ಮೇಲೆ ಮೂಡಿದ್ದ ತಮ್ಮ ಬೆರಳಿನ ಗುರುತನ್ನೂ ಒರೆಸಿ ಹೋದರು.