ಕನ್ನಡಕದ ವ್ಯಾಪಾರಿಯ ಬ್ರೇಕು

ಈ ಕತೆಯನ್ನು ನನಗೆ ಮೊದಲು ಹೇಳಿದವಳು ಚಿತ್ರದುರ್ಗದ ಇಂಚರ. ವಾರವಿಡೀ ಹಲ್ಲಿನ ಡಾಕ್ಟರು, ಭಾನುವಾರ ಬಂದರೆ ಕಾರ್ ರೇಸು. ಅವಳಿಗೆ ಇದನ್ನು ಹೇಳಿದವರು ಅವಳ ಗುರು ಮಾಚಯ್ಯ. ಒಂದು ಕಾಲಕ್ಕೆ ದೊಡ್ಡ ರೇಸುಗಳಲ್ಲಿ ಓಡಿಸಿದವರು. ಎರಡು ವರ್ಷದಿಂದ ಅವರ ಕಾರಿನ ಹಿಂದೆಯೇ ತನ್ನ ಕಾರು ಓಡಿಸಿ ಅವಳು ವಿದ್ಯೆ ಕಲಿಯುತ್ತಿದ್ದಳು. ಒಂದು ದಿನ ಒಂದು ಪ್ರಶ್ನೆ ಕೇಳಿದಳು.

"ಸರ್, ನಿಮ್ಮ ಹಾಗೆ ಓಡಿಸೋದು ನನಗೆ ಯಾವಾಗ ಬರುತ್ತೆ?"

ಕೇಳುವಾಗ ನಿಂತಲ್ಲಿ ನಿಂತಿರಲಿಲ್ಲ. ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ಕಾರಿನ ಸುತ್ತ ತಿರುಗುತ್ತಿದ್ದಳು. ಅವಳಾದ ಮೇಲೆ ಕಲಿಯಲು ಸೇರಿದ ಒಬ್ಬನನ್ನು ಆ ವಾರ ಒಂದು ರೇಸಿನ ತಂಡ ಕರೆದುಕೊಂಡಿತ್ತು. ಅವಳನ್ನು ಕರೆದಿರಲಿಲ್ಲ.

"ಕೂತ್ಕೋ," ಎಂದರು ಮಾಚಯ್ಯ.

ಅವಳು ಕೂರಲಿಲ್ಲ. ತಿರುಗುತ್ತಿದ್ದವಳಿಗೇ ಅವರು ಕತೆ ಹೇಳಿದರು.

ಒಬ್ಬ ಕನ್ನಡಕದ ವ್ಯಾಪಾರಿ ಇದ್ದ. ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಅವನ ಮನಸ್ಸು ಮಾತ್ರ ಅಂಗಡಿಯಲ್ಲಿರಲಿಲ್ಲ. ಗಿರಾಕಿ ಗೋಡೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದರೆ ಇವನ ಬಲಗಾಲು ಕೌಂಟರಿನ ಕೆಳಗೆ ಇಲ್ಲದ ಪೆಡಲನ್ನು ಒತ್ತುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಕತೆ.

"ರೀ, ಕಾಲು ನಿಲ್ಸಿ, ಸಾರು ಚೆಲ್ತಾ ಇದೆ," ಎನ್ನುತ್ತಿದ್ದಳು ಹೆಂಡತಿ. "ಇನ್ನೆಷ್ಟು ಸುತ್ತು ಬಾಕಿ ಇದೆಯೋ ಮುಗಿಸ್ಕೊಂಡು ಬನ್ನಿ. ಆಮೇಲೆ ಬಡಿಸ್ತೀನಿ."

ಅವನಿಗೆ ಬೇಕಾಗಿದ್ದುದು ಒಂದೇ. ಯಾವುದಾದರೂ ಒಂದು ರೇಸಿನ ತಂಡ ತನ್ನನ್ನು ಕರೆದು ತಂಡದ ಕಾರಿನಲ್ಲಿ ಕೂರಿಸಬೇಕು. ಭಾನುವಾರದ ಹುಚ್ಚು ಸೋಮವಾರದ ಕೆಲಸವಾಗಬೇಕು. ಇದನ್ನು ಬಿಟ್ಟು ಬೇರೆ ಯೋಚನೆ ಅವನಿಗೆ ಬರುತ್ತಿರಲಿಲ್ಲ. ಬಂದರೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಊರಾಚೆ ರೇಸಿನ ಟ್ರ್ಯಾಕ್ ಇತ್ತು. ಭಾನುವಾರ ಅಲ್ಲಿ ಹವ್ಯಾಸಿಗಳನ್ನೂ ಬಿಡುತ್ತಿದ್ದರು. ಹವ್ಯಾಸಿಗಳು ಕಲಿಯುವ ರೀತಿ ನೋಡಿದರೆ ವ್ಯಾಪಾರಿಗೆ ಮೈಯೆಲ್ಲ ಉರಿಯುತ್ತಿತ್ತು. ಒಬ್ಬ ತಿರುವಿನಲ್ಲಿ ತಡವಾಗಿ ಬ್ರೇಕ್ ಒತ್ತಿ ಪಕ್ಕದ ಮರಳಿಗೆ ಇಳಿಯುತ್ತಿದ್ದ. ಇನ್ನೊಬ್ಬ ಬೇಗ ಒತ್ತಿ ಹಿಂದೆ ಬೀಳುತ್ತಿದ್ದ. ಮುಂದಿನ ವಾರ ಇಬ್ಬರೂ ಬಂದು ಅದೇ ತಪ್ಪನ್ನು ಕೊಂಚ ಬೇರೆ ತರಹ ಮಾಡುತ್ತಿದ್ದರು. ಮಾಡಿ ನಗುತ್ತಿದ್ದರು ಬೇರೆ. ವ್ಯಾಪಾರಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ವಯಸ್ಸು ಮೂವತ್ತು ದಾಟಿತ್ತು. ಹೀಗೆ ಒಂದೊಂದು ತಿರುವನ್ನೂ ತಡಕಾಡುತ್ತ ಹೋದರೆ, ತಂಡದವರು ಕರೆಯುವ ಹೊತ್ತಿಗೆ ತನಗೇ ಕನ್ನಡಕ ಬಂದಿರುತ್ತದೆ ಎಂದುಕೊಂಡ.

ಅದೇ ಟ್ರ್ಯಾಕಿಗೆ ಒಬ್ಬ ಹಳೆಯ ಚಾಲಕ ಅಭ್ಯಾಸಕ್ಕೆ ಬರುತ್ತಿದ್ದ. ಒಂದು ತಂಡದಲ್ಲಿ ಸಂಬಳಕ್ಕೆ ರೇಸ್ ಓಡಿಸುವವನು. ಅವನನ್ನು ನೋಡಿ ವ್ಯಾಪಾರಿಗೆ ಒಂದು ಉಪಾಯ ಹೊಳೆಯಿತು. ಅವನ ಕಾರಿನ ಹಿಂದೆಯೇ ತನ್ನ ಕಾರನ್ನು ಬಿಟ್ಟ. ಮುಂದಿನ ಕಾರಿನ ಕೆಂಪು ದೀಪ ಹೊತ್ತಿದರೆ ತಾನೂ ಬ್ರೇಕ್ ಒತ್ತಿದ. ದೀಪ ಆರಿದರೆ ತಾನೂ ಬಿಟ್ಟ. ಅದು ಹೊರಳಿದ ಕಡೆ ತಾನೂ ಹೊರಳಿದ.

ಮೊದಮೊದಲು ಮುಂದಿನ ಕಾರು ಕಣ್ಣಿಗೆ ಸಿಗದೆ ಹೋಗಿಬಿಡುತ್ತಿತ್ತು. ಬರಬರುತ್ತ ವ್ಯಾಪಾರಿ ಅದಕ್ಕೆ ಅಂಟಿಕೊಂಡ. ಆ ವರ್ಷದ ಮಳೆಗಾಲ ಕಳೆಯುವಷ್ಟರಲ್ಲಿ ದೀಪವನ್ನು ನೋಡುವುದೂ ಬೇಕಾಗಲಿಲ್ಲ. ಅದು ಹೊತ್ತುವ ಗಳಿಗೆ ಅವನ ಕಾಲಿಗೇ ಗೊತ್ತಾಗುತ್ತಿತ್ತು. ಉಳಿದ ಹವ್ಯಾಸಿಗಳೆಲ್ಲ ಅವನಿಗಿಂತ ಹಿಂದೆ ಉಳಿದರು.

ಹಳೆಯ ಚಾಲಕ ಬಾರದ ದಿನ ಚಹಾದಂಗಡಿಯಲ್ಲಿ ಆ ಹವ್ಯಾಸಿಗಳು ಸೇಡು ತೀರಿಸಿಕೊಳ್ಳುತ್ತಿದ್ದರು. "ಏನ್ರೀ, ಇವತ್ತು ಬಾಲ ಒಂದೇ ಬಂದಿದೆ! ಹಸು ಎಲ್ಲಿ?"

ವ್ಯಾಪಾರಿ ನಕ್ಕು ಚಹಾ ಕುಡಿದು ಮನೆಗೆ ಹೋಗುತ್ತಿದ್ದ. ಆ ದಿನಗಳಲ್ಲಿ ಅವನು ಟ್ರ್ಯಾಕಿಗೆ ಇಳಿಯುತ್ತಲೇ ಇರಲಿಲ್ಲ.

ಒಂದು ಸಲ ಹಳೆಯ ಚಾಲಕನೇ ಕಾರಿನಿಂದ ಇಳಿದು ಬಂದು ಹೇಳಿದ. "ಇವತ್ತು ನೀನು ಮುಂದೆ ಹೋಗು. ನಾನು ಹಿಂದೆ ಬರ್ತೀನಿ."

"ಅಯ್ಯೋ ಬಿಡಿ ಅಣ್ಣಾ. ನೀವು ತೋರಿಸೋ ದಾರಿ ಕಣ್ಮುಂದೆ ಇರುವಾಗ ನಾನ್ಯಾಕೆ ಬೇರೆ ಹುಡುಕ್ಲಿ?"

ಚಾಲಕನಿಗೆ ಅದು ಹೊಗಳಿಕೆಯಾಗಿ ಕೇಳಿಸಿತು. ಹೊಗಳಿಕೆ ಯಾರಿಗೆ ತಾನೆ ಬೇಡ? ಸುಮ್ಮನೆ ಹೋಗಿ ಮುಂದಿನ ಕಾರಿನಲ್ಲಿ ಕೂತ.

ಕೊನೆಗೆ ವ್ಯಾಪಾರಿ ಕಾದದ್ದು ಬಂತು. ಹಳೆಯ ಚಾಲಕನ ತಂಡದಲ್ಲಿ ಇನ್ನೊಬ್ಬನ ಜಾಗ ಖಾಲಿಯಾಯಿತು. ತಂಡದ ಒಡತಿ ಹವ್ಯಾಸಿಗಳನ್ನು ಪರೀಕ್ಷೆಗೆ ಕರೆದಳು. ತಂಡದ್ದೇ ಕಾರು, ಖಾಲಿ ಟ್ರ್ಯಾಕು. ಒಬ್ಬೊಬ್ಬರಾಗಿ ಓಡಿಸಬೇಕು. ಆಯ್ಕೆ ಒಬ್ಬನಿಗೆ ಮಾತ್ರ.

ವ್ಯಾಪಾರಿ ಹೆಂಡತಿಗೆ ಹೇಳಿದ. "ಸಿಕ್ಕಿದ್ರೆ ಅಂಗಡಿ ತಮ್ಮನಿಗೆ ಬಿಟ್ಕೊಡ್ತೀನಿ. ಸಿಗದಿದ್ರೆ ಇನ್ನು ಆ ಕಡೆ ತಲೆ ಹಾಕೋದಿಲ್ಲ."

"ಎರಡನೇದನ್ನ ನಿಮ್ಮ ಕಾಲಿಗೆ ಹೇಳಿ," ಎಂದಳು ಅವಳು.

ಪರೀಕ್ಷೆಯ ದಿನ ಒಡತಿ ಸುತ್ತಿನ ಸಮಯ ಅಳೆಯುವ ಗಡಿಯಾರದ ಹತ್ತಿರ ನಿಲ್ಲಲಿಲ್ಲ. ಟ್ರ್ಯಾಕಿನ ಆ ತುದಿಯಲ್ಲಿ ಒಂದು ನೀರಿನ ಟ್ಯಾಂಕ್ ಇತ್ತು. ಅದನ್ನು ದಾಟಿದ ಮೇಲೆ ಎಡಕ್ಕೆ ಒಂದು ಗಟ್ಟಿ ತಿರುವು. ಅಲ್ಲಿ ಕೊಡೆ ಹಿಡಿದು ನಿಂತು ಬರುವ ಒಂದೊಂದು ಕಾರಿನ ಸದ್ದನ್ನೂ ಕೇಳಿದಳು.

ವ್ಯಾಪಾರಿಯ ಸರದಿ ಬಂತು. ಮುಂದೆ ಯಾರೂ ಇರಲಿಲ್ಲ. ಆದರೂ ಅವನಿಗೆ ಮುಂದೊಂದು ಕಾರು ಇದ್ದ ಹಾಗೆಯೇ ಇತ್ತು. ಅದು ಒತ್ತಿದಲ್ಲಿ ಒತ್ತಿದ, ಬಿಟ್ಟಲ್ಲಿ ಬಿಟ್ಟ. ಎಲ್ಲೂ ತಪ್ಪಲಿಲ್ಲ. ನಗುತ್ತ ಕಾರಿನಿಂದ ಇಳಿದ. ಅಂದು ಓಡಿಸಿದವರಲ್ಲೆಲ್ಲ ಅವನದೇ ಎಲ್ಲಕ್ಕಿಂತ ಹೆಚ್ಚು ವೇಗ.

ಒಡತಿ ನಡೆದು ಬಂದಳು. "ಚೆನ್ನಾಗಿ ಓಡಿಸಿದ್ರಿ. ಒಂದು ಕೇಳ್ಬೇಕಿತ್ತು. ಆ ತಿರುವಿಗೆ ಮಿಕ್ಕವರೆಲ್ಲ ಟ್ಯಾಂಕ್ ದಾಟಿದ ಮೇಲೆ ಬ್ರೇಕ್ ಒತ್ತಿದ್ರು. ನೀವು ಟ್ಯಾಂಕ್ ಬರೋದಕ್ಕೆ ಮುಂಚೆನೇ ಒತ್ತಿದ್ರಿ. ಪ್ರತಿ ಸುತ್ತಿಗೂ ಹಾಗೇ. ಯಾಕೆ?"

"ಅಲ್ಲಿ ಒತ್ತೋದೇ ಸರಿ ಮೇಡಂ. ನಿಮ್ಮ ಚಾಲಕರೂ ಅಲ್ಲೇ ಒತ್ತೋದು."

"ಅವ್ರು ಒತ್ತೋದು ಗೊತ್ತು. ಆ ತಿರುವಲ್ಲಿ ಒಮ್ಮೆ ಗೋಡೆಗೆ ಹೊಡೆದು ಕಾಲು ಮುರ್ಕೊಂಡಿದ್ರು. ಅವತ್ತಿಂದ ಅಲ್ಲಿ ಅವರಿಗೆ ಭಯ. ನಿಮಗೆ ಅಲ್ಲಿ ಏನಾಗಿತ್ತು?"

ವ್ಯಾಪಾರಿಗೆ ಅಲ್ಲಿ ಏನೂ ಆಗಿರಲಿಲ್ಲ.

ಜಾಗ ಇನ್ನೊಬ್ಬನಿಗೆ ಹೋಯಿತು. ಅಂದು ಅದೇ ತಿರುವಿನಲ್ಲಿ ಮರಳಿಗೆ ಇಳಿದು ಬಂದಿದ್ದ ಒಬ್ಬ ಹವ್ಯಾಸಿಗೆ. ವ್ಯಾಪಾರಿ ಜಗಳಕ್ಕೆ ನಿಂತ. ಒಡತಿ ಅವಸರ ಮಾಡದೆ ಹೇಳಿದಳು. "ಅವನು ಎಲ್ಲಿ ತಪ್ಪಿದ ಅಂತ ಅವನಿಗೆ ಗೊತ್ತಿದೆ. ಅವನನ್ನ ತಿದ್ದೋದು ಸುಲಭ."

ಮುಂದಿನ ಭಾನುವಾರ ವ್ಯಾಪಾರಿ ಮತ್ತೆ ಟ್ರ್ಯಾಕಿಗೆ ಹೋದ. ಈ ಸಲ ಒಬ್ಬನೇ. ಟ್ಯಾಂಕ್ ದಾಟುವ ತನಕ ಬ್ರೇಕ್ ಮುಟ್ಟುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು ಹೋದ. ದಾಟಿದ ಮೇಲೆ ಒತ್ತಿದರೂ ಕಾರು ತಿರುಗುತ್ತದೆ, ಎಲ್ಲರದೂ ತಿರುಗುತ್ತದೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಟ್ಯಾಂಕ್ ಹತ್ತಿರವಾಯಿತು. ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಮತ್ತೊಂದು ಸುತ್ತು ಬಂದ. ಕಾಲು ಮತ್ತೆ ಹೋಯಿತು. ಹೆಲ್ಮೆಟ್ಟಿನೊಳಗೇ ಕೂಗಿ ಕಾಲನ್ನು ಬೈದ. ಬೈಸಿಕೊಂಡೇ ಹೋಯಿತು.

ಹಳೆಯ ಚಾಲಕನ ಭಯಕ್ಕೆ ಒಂದು ಗೋಡೆ ಇತ್ತು, ಒಂದು ಮಧ್ಯಾಹ್ನ ಇತ್ತು, ಮುರಿದ ಮೂಳೆ ಇತ್ತು. ಅವನು ಮನಸ್ಸು ಮಾಡಿದ್ದರೆ ಆ ಭಯವನ್ನು ಎದುರಿಗೆ ಕೂರಿಸಿಕೊಂಡು, ಆದದ್ದು ಆಯಿತು, ಇನ್ನು ಎದ್ದು ಹೋಗು ಎನ್ನಬಹುದಿತ್ತು. ವ್ಯಾಪಾರಿಯ ಭಯಕ್ಕೆ ಹಿಂದೆ ಮುಂದೆ ಏನೂ ಇರಲಿಲ್ಲ. ಏನೂ ಆಗಿರದವನು ಯಾವುದನ್ನು ಮರೆಯಬೇಕು?

ಮಾಚಯ್ಯ ಕತೆ ನಿಲ್ಲಿಸಿದರು. ಇಂಚರಳೂ ತಿರುಗುವುದನ್ನು ನಿಲ್ಲಿಸಿದ್ದಳು.

"ಆಮೇಲೆ ಏನಾಯ್ತು ಸರ್ ಅವನಿಗೆ?"

"ಏನಾಗುತ್ತೆ? ಇನ್ನೂ ಸುತ್ತುತ್ತಾ ಇದ್ದಾನೆ."

"ಪಾಪ," ಎಂದಳು. ಆದರೆ ಅವಸರದವರ ಪಾಪಕ್ಕೆ ಆಯುಸ್ಸು ಕಡಿಮೆ. ಹೆಲ್ಮೆಟ್ ಮತ್ತೆ ಕೈ ಬದಲಾಯಿಸಿತು. "ಸರಿ ಸರ್, ಅವನದು ಬಿಡಿ. ನನ್ನ ವಿಷಯ ಹೇಳಿ. ನಿಮ್ಮ ಹಾಗೆ ಓಡಿಸೋದಕ್ಕೆ ನನಗೆ ಇನ್ನೂ ಎಷ್ಟು ದಿನ ಬೇಕು?"

ಮಾಚಯ್ಯ ಹೇಳಿದರು.

"ನನ್ನ ಹಾಗೆ ಓಡಿಸೋದು ನಿನಗೆ ಹೋದ ತಿಂಗಳೇ ಬಂದುಬಿಡ್ತು ಮಗಳೇ, ಅದನ್ನ ಬಿಡಿಸೋದು ಹೇಗೆ ಅಂತ ನನಗೇ ತಿಳೀತಾ ಇಲ್ಲ."

ಇಂಚರ ಆಗ ಕೂತಳು.

ಕೇಳಿದಿರಲ್ಲ, ನೀವೂ ಇದನ್ನು ಇನ್ನೊಬ್ಬರಿಗೆ ಹೇಳಿ. ನಾನು ತಡವರಿಸಿದ ಕಡೆಯೆಲ್ಲ ನೀವೂ ತಡವರಿಸಬೇಕೆಂದೇನಿಲ್ಲ.