ಪಂಕ್ತಿಯ ಕೊನೆಯಲ್ಲಿ ಕೂತ ತೊಗಲಕ್ಕ

ಲೋಕ ಆಗಿನ್ನೂ ಹೊಸತು. ಬೆಟ್ಟಗಳು ಮೆತ್ತಗಿದ್ದವು, ನದಿಗಳಿಗೆ ಯಾವ ಕಡೆ ಹರಿಯಬೇಕೆಂದು ಗೊತ್ತಿರಲಿಲ್ಲ. ಆಗ ಬೆಳ್ಳವ್ವ ಎಂಬ ತಾಯಿಗೆ ಹೂವಿ ಎಂಬ ಮಗಳು ಹುಟ್ಟಿದಳು. ಅಷ್ಟು ಪುಟ್ಟ ಮೈಯೊಳಗೆ ಒಂದು ದೊಡ್ಡ ಸಂಸಾರವೇ ಇತ್ತು.

ಆ ಸಂಸಾರದಲ್ಲಿ ಬಡಿಸುವ ಕೆಲಸ ಗುಂಡಿಗೆಯಣ್ಣನದು. ಬಿಸಿಬಿಸಿ ನೆತ್ತರನ್ನು ಸಾರಿನ ಹಾಗೆ ಸೌಟಿನಲ್ಲಿ ಬಡಿಸುತ್ತ ಅವನು ಹಗಲೂ ರಾತ್ರಿ ಓಡಾಡುತ್ತಿದ್ದ. ಮೊದಲ ಎಲೆ ಮಿದುಳಜ್ಜನದು. ಆಮೇಲೆ ಹೊಟ್ಟೆ, ಕರುಳು, ಕೈಕಾಲು. ಕಟ್ಟಕಡೆಗೆ, ಬಾಗಿಲ ಪಕ್ಕದಲ್ಲಿ, ತೊಗಲಕ್ಕನ ಎಲೆ.

ತೊಗಲಕ್ಕನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಹೊಟ್ಟೆ ಅವಳದಲ್ಲ, ನಿಜ. ಹೊಟ್ಟೆಕಿಚ್ಚು ಮಾತ್ರ ಪೂರ್ತಿ ಅವಳದೇ.

"ಬಿಸಿಲಿಗೆ ನಿಲ್ಲೋಳು ನಾನು, ಮುಳ್ಳು ಚುಚ್ಚಿಸಿಕೊಳ್ಳೋಳು ನಾನು. ಮೊದಲ ಸೌಟು ಮಾತ್ರ ನೆರಳಲ್ಲಿ ಕೂತ ಅಜ್ಜನಿಗೆ!" ಎಂದು ಗೊಣಗುತ್ತಿದ್ದಳು.

ಚಳಿ ಬಂದರಂತೂ ಕೇಳಲೇಬೇಡಿ. ಗುಂಡಿಗೆಯಣ್ಣ ಬಾಗಿಲವರೆಗೆ ಬರುತ್ತಲೇ ಇರಲಿಲ್ಲ. "ತಂಗೀ, ಇವತ್ತು ಸ್ವಲ್ಪ ಸುಧಾರಿಸಿಕೋ. ಒಳಗಿನವರು ತಣ್ಣಗಾದರೆ ಮಗು ಉಳಿಯೋದಿಲ್ಲ" ಎಂದು ಒಳಗಿನಿಂದಲೇ ಕೂಗುತ್ತಿದ್ದ. ತೊಗಲಕ್ಕ ಬಿಳಿಚಿಕೊಂಡು ಕೂರುತ್ತಿದ್ದಳು. ಸಿಟ್ಟಿಗೆ ಅವಳ ಕೂದಲೆಲ್ಲ ನೆಟ್ಟಗೆ ನಿಲ್ಲುತ್ತಿತ್ತು.

ಗಾಳಿಗೆ ಇಷ್ಟು ಸಾಕಾಯಿತು. ಅವನಿಗೆ ಊರೂರು ತಿರುಗಿ ಚಾಡಿ ಹೇಳುವುದೇ ಕಸುಬು.

"ತೊಗಲಕ್ಕಾ, ಒಳಗೆ ಎಲ್ಲರೂ ಬೆಚ್ಚಗೆ ಉಣ್ತಾ ಇದ್ದಾರೆ ಕಣೇ. ನಿನ್ನ ನೆನಪೇ ಯಾರಿಗೂ ಇಲ್ಲ."

"ಗೊತ್ತು ಹೋಗೋ" ಎಂದಳು ತೊಗಲಕ್ಕ. ಅವನು ಹೋದ ಮೇಲೂ ಆ ಮಾತು ಮಾತ್ರ ಹೋಗಲಿಲ್ಲ.

ಹೀಗಿರುವಾಗ ಬೇಸಿಗೆ ಬಂತು. ಸೂರ್ಯ ನೆತ್ತಿಯ ಮೇಲೆ ನಿಂತ. ಹೂವಿ ಬಯಲಲ್ಲಿ ಚಿಟ್ಟೆಯ ಹಿಂದೆ ಓಡಿ ಓಡಿ ಕಾದುಹೋದಳು. ಒಳಗೆ ಎಲ್ಲರಿಗೂ ಕುದಿಯುವ ಹಾಗಾಯಿತು.

"ಸೆಕೆ ಹೊರಗೆ ಹೋಗಲಿ! ಬಾಗಿಲ ಕಡೆ ಬಡಿಸೋ, ಬೇಗ!" ಎಂದು ಮಿದುಳಜ್ಜ ಅಟ್ಟದ ಮೇಲಿಂದ ಕೂಗಿದ.

ಗುಂಡಿಗೆಯಣ್ಣ ತುಂಬಿದ ಸೌಟು ಹಿಡಿದು ಓಡಿ ಬಂದ. "ತಂಗೀ, ಇವತ್ತು ಮೊದಲ ಸೌಟು ನಿನಗೇ. ಎಲೆ ಹಾಸು, ಬಾಗಿಲು ತೆಗಿ."

ತೊಗಲಕ್ಕ ಅವನ ಮುಖವನ್ನೂ ನೋಡಲಿಲ್ಲ. ಎಲೆಯನ್ನು ಮಡಚಿಬಿಟ್ಟಳು. ಊಟ ಬೇಡ ಎಂದು ಎಲೆ ಮಡಚಿದವರಿಗೆ ಯಾರು ತಾನೇ ಬಡಿಸಲಾದೀತು? ತನ್ನ ಮೈತುಂಬ ಇದ್ದ ಸಣ್ಣ ಸಣ್ಣ ಬಾಗಿಲುಗಳನ್ನೂ ಒಂದೊಂದಾಗಿ ಮುಚ್ಚಿಕೊಂಡಳು.

"ಚಳಿಯಲ್ಲಿ ನಾನು ಬೇಡ. ನಿಮಗೆ ಸೆಕೆಯಾದಾಗ ಬೇಕಾ?"

ಗುಂಡಿಗೆಯಣ್ಣ ಬೇಡಿಕೊಂಡ, ಧಡಧಡ ಬಾಗಿಲು ಬಡಿದ. ತೊಗಲಕ್ಕ ಒಣಗಿಕೊಂಡು ಸುಮ್ಮನೆ ಕೂತಳು. ಅವರೂ ಒಂದು ದಿನ ಅನುಭವಿಸಲಿ ಎಂದು ಅವಳಿಗೆ ಒಳಗೊಳಗೇ ಖುಷಿ.

ಆದರೆ ಅನುಭವಿಸಿದವಳು ಹೂವಿ. ಅವಳ ಮೈ ಕೆಂಡವಾಯಿತು, ಕಾಲು ಕುಸಿಯಿತು, ಕಣ್ಣು ಮೇಲಾಯಿತು. ಬೆಳ್ಳವ್ವ ಓಡಿ ಬಂದು ಮಗಳನ್ನು ಹೊಂಗೆಯ ನೆರಳಿಗೆ ಎತ್ತಿಕೊಂಡು ಹೋದಳು. "ಕಣ್ಣು ಬಿಡೇ ನನ್ನ ಕಂದಾ" ಎಂದು ಅಳುತ್ತ ಕೆನ್ನೆಗೆ ಮುತ್ತಿಟ್ಟಳು.

ಒಳಗೆ ಬಾಗಿಲು ಬಡಿಯುವ ಸದ್ದು ನಿಂತಿತು.

"ತಂಗೀ, ಅದೇನು ಈಗ ಆಗಿದ್ದು?" ಗುಂಡಿಗೆಯಣ್ಣನ ದನಿ ಸೋತಿತ್ತು.

"ಅವ್ವ ಮುತ್ತಿಟ್ಟಳು."

"ಹೇಗಿರುತ್ತೆ ಅದು?"

ತೊಗಲಕ್ಕ ತಬ್ಬಿಬ್ಬಾದಳು. "ನಿನಗೆ ಗೊತ್ತಿಲ್ವಾ?"

"ನನಗೆಲ್ಲಿಂದ ಗೊತ್ತಾಗಬೇಕು? ಹುಟ್ಟಿದಾಗಿಂದ ಈ ಕತ್ತಲಲ್ಲೇ ಬಡಿಸ್ತಾ ಇದ್ದೀನಿ. ಅವ್ವನ ಕೈ ಮೆತ್ತಗಿದೆಯೋ ಒರಟಾಗಿದೆಯೋ, ಅದೂ ಗೊತ್ತಿಲ್ಲ. ಮುತ್ತೆಲ್ಲ ನಿನಗೇ. ನಿನ್ನ ಕಂಡರೆ ನನಗೆಷ್ಟು ಹೊಟ್ಟೆಕಿಚ್ಚು ಅಂತ ನಿನಗೇನು ಗೊತ್ತು? ಹಾಗಂತ ನಾನು ಸೌಟು ಕೆಳಗಿಟ್ಟರೆ ಹೂವಿಯ ಗತಿ ಏನಮ್ಮಾ?"

ತೊಗಲಕ್ಕನಿಗೆ ಅಳು ಬಂತು. ಇಷ್ಟು ದಿನ ಅವಳು ಅಣ್ಣನ ಸೌಟನ್ನು ಮಾತ್ರ ನೋಡಿದ್ದಳು. ತನ್ನ ಮೇಲೆ ಬಿದ್ದ ಮುತ್ತುಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಥಟ್ಟನೆ ಎಲೆ ಬಿಡಿಸಿ ಹಾಸಿದಳು. ಗುಂಡಿಗೆಯಣ್ಣ ಸೌಟಿನ ಮೇಲೆ ಸೌಟು ಸುರಿದ. ಹೂವಿಯ ಕೆನ್ನೆ ಕೆಂಪಾಯಿತು. ಸಣ್ಣ ಬಾಗಿಲುಗಳೆಲ್ಲ ತೆರೆದುಕೊಂಡವು, ಉಪ್ಪುಪ್ಪು ನೀರು ಹನಿಹನಿಯಾಗಿ ಹೊರಗೆ ಬಂತು.

"ಏ ಗಾಳೀ! ಚಾಡಿ ಹೇಳೋಕೆ ಓಡಿ ಬರ್ತಿದ್ದೆಯಲ್ಲ, ಈಗ ಬಾರೋ! ಈ ನೀರು ಹೊತ್ತುಕೊಂಡು ಹೋಗು, ಜೊತೆಗೆ ಸೆಕೇನೂ ತಗೊಂಡು ಹೋಗು" ಎಂದು ತೊಗಲಕ್ಕ ಗದರಿದಳು. ಗಾಳಿ ನಾಚಿಕೊಂಡು ಬಂದ, ಹೇಳಿದಷ್ಟು ಮಾಡಿದ.

ಮೈ ತಣ್ಣಗಾಯಿತು. ಹೂವಿ ಕಣ್ಣು ಬಿಟ್ಟು, "ಅವ್ವಾ, ನೀರು" ಎಂದಳು. ಬೆಳ್ಳವ್ವ ನೀರು ಕುಡಿಸಿ, ನಗುತ್ತ ಅಳುತ್ತ ಇನ್ನೊಂದು ಮುತ್ತಿಟ್ಟಳು.

"ಅಣ್ಣಾ, ತಗೋ, ಇದು ನಿನಗೆ. ಇನ್ನುಮೇಲೆ ಅವ್ವನ ಪ್ರತಿ ಮುತ್ತನ್ನೂ ನಿನಗೆ ಮುಟ್ಟಿಸ್ತೀನಿ, ಇದು ನನ್ನ ಮಾತು" ಎಂದು ತೊಗಲಕ್ಕ ಅದನ್ನು ಒಳಗೆ ಕಳಿಸಿದಳು. ಗುಂಡಿಗೆಯಣ್ಣನ ಕೈಯಲ್ಲಿ ಸೌಟು ಡವಡವ ನಡುಗಿತು.

ಇವತ್ತಿಗೂ ಬಿಸಿಲಲ್ಲಿ ಆಡಿ ಬಂದರೆ ನಿನ್ನ ಕೆನ್ನೆ ಕೆಂಪಾಗುತ್ತದೆ, ಹಣೆ ಬೆವರುತ್ತದೆ, ಗಾಳಿ ಬೀಸಿದರೆ ಹಾಯೆನಿಸುತ್ತದೆ. ಚಳಿಯಲ್ಲಿ ತೋಳಿನ ಕೂದಲು ನೆಟ್ಟಗಾಗುವುದೂ ಉಂಟು, ತೊಗಲಕ್ಕನ ಹಳೆಯ ಸಿಟ್ಟು ಪೂರ್ತಿ ಹೋಗಿಲ್ಲ ನೋಡು. ಆದರೆ ಕೊಟ್ಟ ಮಾತನ್ನು ಅವಳು ಮರೆತಿಲ್ಲ: ಅವ್ವ ಮುತ್ತಿಡುವುದು ನಿನ್ನ ಕೆನ್ನೆಗೆ, ಡವಡವ ಅನ್ನುವುದು ಒಳಗಿನ ಗುಂಡಿಗೆ.